ಚಿಕ್ಕಪ್ಪನ ಹೋಂಸ್ಟೇ ಸೈಟ್ ಗೂಗಲ್‌ಗೆ ಯಾಕೆ ಕಾಣ್ತಿರಲಿಲ್ಲ: ಒಂದು ಮಳೆಗಾಲದ ರಿಪೇರಿ

ಸೋಮವಾರಪೇಟೆಯಿಂದ ಶಾಂತಳ್ಳಿ ಕಡೆ ಹೋಗುವ ರಸ್ತೆಯಲ್ಲಿ ನಮ್ಮ ಚಿಕ್ಕಪ್ಪನ ಕಾಫಿ ತೋಟ ಇದೆ. ತೋಟದ ಮನೆ ಪಕ್ಕ ನಾಲ್ಕು ರೂಮಿನ ಹೋಂಸ್ಟೇ. ಅದಕ್ಕೊಂದು ವೆಬ್‌ಸೈಟ್ ಕೂಡ ಇದೆ. ಇದೆ ಅಂತ ಮನೆಯವರಿಗೆಲ್ಲ ಗೊತ್ತು. ವಿಸಿಟಿಂಗ್ ಕಾರ್ಡಿನಲ್ಲಿ ಅಚ್ಚಾಗಿದೆ, ಗೇಟಿನ ಬೋರ್ಡಿನಲ್ಲೂ ಬರೆಸಿದ್ದಾರೆ. ಗೂಗಲ್‌ಗೆ ಮಾತ್ರ ಗೊತ್ತಿರಲಿಲ್ಲ.

ನಾನು ಕುಶಾಲನಗರದಲ್ಲಿ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹಾಕಿಕೊಡುವವನು. ವೆಬ್‌ಸೈಟ್ ನನ್ನ ಕಸುಬಲ್ಲ. ಜೂನ್ ಮಧ್ಯದಲ್ಲಿ ಚಿಕ್ಕಪ್ಪ ಫೋನ್ ಮಾಡಿದರು. "ಮಗಾ, ಯಾರೋ ಒಬ್ಬ ಫೋನ್ ಮಾಡಿದ್ದ. ತಿಂಗಳಿಗೆ ಎಂಟು ಸಾವಿರ ಕೊಟ್ರೆ ಗೂಗಲ್ ಮೊದಲ ಪುಟಕ್ಕೆ ತರ್ತೀನಿ, ಗ್ಯಾರಂಟಿ ಅಂತಾನೆ. ಕೊಡ್ಲಾ?"

ಬೇಡ ಅಂದೆ. ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡೋಕೆ ಆಗಲ್ಲ ಅಂತ ಗೂಗಲ್‌ನವರೇ ಬರೆದು ಹಾಕಿದ್ದಾರೆ. ಆದರೆ ಬೇಡ ಅಂದ ಮೇಲೆ ನಾನೇ ನೋಡಬೇಕಾಯ್ತು. ಶನಿವಾರ ಬೈಕ್ ಹತ್ತಿ ಹೊರಟೆ. ಮಳೆ ಜೋರು, ಬಟ್ಟೆಯೆಲ್ಲ ಒದ್ದೆ. ಲ್ಯಾಪ್‌ಟಾಪ್‌ಗೆ ಮಾತ್ರ ಎರಡು ಪ್ಲಾಸ್ಟಿಕ್ ಕವರ್ ಸುತ್ತಿದ್ದೆ.

ಮೊದಲ ದಿನ: 1,84,000 ಜನ

ಚಿಕ್ಕಪ್ಪ ಮೊದಲು ತೋರಿಸಿದ್ದು ಸೈಟಿನ ಕೆಳಗಿದ್ದ ಎಣಿಕೆ ಪಟ್ಟಿ. 'ನಮ್ಮಲ್ಲಿಗೆ ಭೇಟಿ ಕೊಟ್ಟವರು' ಅಂತ ಬರೆದು ಪಕ್ಕದಲ್ಲಿ 1,84,000 ಚಿಲ್ಲರೆ. "ಇಷ್ಟು ಜನ ನೋಡಿದ್ದಾರೆ, ಫೋನ್ ಮಾತ್ರ ಬರಲ್ಲ. ರೇಟ್ ಜಾಸ್ತಿ ಆಯ್ತಾ ಹೇಗೆ?" ಅಂದರು.

ಸೈಟ್ ಇಟ್ಟಿರುವ ಸರ್ವರ್‌ನ ನಿಯಂತ್ರಣ ಪುಟಕ್ಕೆ ಸಿಪ್ಯಾನೆಲ್ ಅಂತಾರೆ. ಅದರ ಪಾಸ್‌ವರ್ಡ್ ಹಳೇ ಡೈರಿಯಲ್ಲಿ ಸಿಕ್ಕಿತು. ಒಳಗೆ ಹೋಗಿ ಹಿಂದಿನ ದಿನದ ಆಕ್ಸೆಸ್ ಲಾಗ್ ಇಳಿಸಿಕೊಂಡೆ. ಸರ್ವರ್‌ಗೆ ಬಂದ ಪ್ರತಿಯೊಂದು ಕೋರಿಕೆಗೂ ಅದರಲ್ಲಿ ಒಂದು ಸಾಲು ಇರುತ್ತದೆ: ಯಾವ ಐಪಿ (ಇಂಟರ್ನೆಟ್ ಸಂಪರ್ಕದ ಅಂಕಿ ವಿಳಾಸ), ಎಷ್ಟು ಹೊತ್ತಿಗೆ, ಯಾವ ಫೈಲ್ ಕೇಳಿತು, ಸರ್ವರ್ ಏನು ಉತ್ತರ ಕೊಟ್ಟಿತು, ಕೇಳಿದವರು ತಮ್ಮನ್ನು ಏನೆಂದು ಹೇಳಿಕೊಂಡರು. ಒಂದು ಪುಟ ತೆರೆದರೆ ಫೋಟೋ, ಸ್ಟೈಲ್ ಫೈಲ್ ಎಲ್ಲ ಸೇರಿ ಮೂವತ್ತು ನಲವತ್ತು ಸಾಲು ಬೀಳುತ್ತವೆ. ಅವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿದದ್ದು 312 ಪುಟ ಕೋರಿಕೆ.

ಅದರಲ್ಲಿ 171 ಸೈಟ್ ನಡೆಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್‌ನ ಲಾಗಿನ್ ಪುಟಕ್ಕೆ ಬಂದದ್ದು. ಯಾವುದೋ ದೇಶದ ಯಾವುದೋ ಯಂತ್ರ ಕೂತು ಪಾಸ್‌ವರ್ಡ್ ಊಹಿಸುತ್ತಿತ್ತು. ಇನ್ನು 98 ಬೇರೆ ಬೇರೆ ಕ್ರಾಲರ್‌ಗಳದ್ದು, ಅಂದರೆ ಸೈಟುಗಳನ್ನು ಸುತ್ತಿ ಓದುವ ಯಂತ್ರಗಳದ್ದು. ಕೆಲವು ತಾನು ಗೂಗಲ್‌ಬಾಟ್, ಗೂಗಲ್‌ನದೇ ಕ್ರಾಲರ್ ಅಂತ ಹೆಸರು ಹೇಳಿಕೊಂಡಿದ್ದವು. ಹೆಸರು ಯಾರು ಬೇಕಾದರೂ ಹೇಳಿಕೊಳ್ಳಬಹುದು ಅಲ್ವಾ? ಡಿಎನ್‌ಎಸ್ ಅಂದರೆ ಸೈಟಿನ ಹೆಸರಿಗೆ ಯಾವ ಐಪಿ ಅಂತ ತಿಳಿಸುವ ಪಟ್ಟಿ. ಆ ಐಪಿಯನ್ನು ಹಿಮ್ಮುಖ ಡಿಎನ್‌ಎಸ್ ಹಾಕಿ ನೋಡಬೇಕು. ಹೆಸರು ಗೂಗಲ್‌ಬಾಟ್ ಡಾಟ್ ಕಾಮ್ ಅಂತ ಮುಗಿದು, ಆ ಹೆಸರನ್ನು ತಿರುಗಿ ಹುಡುಕಿದಾಗ ಅದೇ ಐಪಿ ಬಂದರೆ ಮಾತ್ರ ನಿಜ. ಅರ್ಧಕ್ಕರ್ಧ ಸುಳ್ಳು.

ಉಳಿದದ್ದು 43. ಅದರಲ್ಲಿ 29 ಒಂದೇ ಐಪಿಯಿಂದ. ಬೆಳಿಗ್ಗೆ ಐದೂವರೆಯಿಂದ ರಾತ್ರಿ ಒಂಬತ್ತರವರೆಗೆ, ಪ್ರತಿ ಸಲವೂ ಬರೀ ಮುಖಪುಟ. ನಾನು ಮನೆಯ ವೈಫೈನಿಂದ ಸೈಟ್ ತೆರೆದು ಲಾಗ್ ನೋಡಿದೆ. ಅದೇ ಐಪಿ.

"ಚಿಕ್ಕಪ್ಪ, ನಿಮ್ಮ ಫೋನಲ್ಲಿ ಕ್ರೋಮ್ ತೆರೆದರೆ ಮೊದಲು ಏನು ಬರುತ್ತೆ?"

"ನಮ್ಮ ಸೈಟೇ. ಯಾಕೆ?"

ಹಾಗಾದರೆ ಹೊರಗಿನವರು ದಿನಕ್ಕೆ 14 ಕೋರಿಕೆ, ಹೆಚ್ಚೆಂದರೆ ಏಳೆಂಟು ಜನ. ಚಿಕ್ಕಪ್ಪನಿಗೆ ಹೇಳೋಕೆ ಸ್ವಲ್ಪ ಹೊತ್ತು ಹಿಡಿಯಿತು. ಚಿಕ್ಕಮ್ಮ ಒಳಗಿನಿಂದ "ನಾನು ಅವತ್ತೇ ಹೇಳಿರಲಿಲ್ವಾ" ಅಂದರು. ಎಣಿಕೆ ಪಟ್ಟಿಯನ್ನು ಆ ರಾತ್ರಿಯೇ ತೆಗೆದೆ.

ಎರಡನೇ ದಿನ: ಒಂದು ಟಿಕ್ ಮಾರ್ಕು

ಗೂಗಲ್‌ನಲ್ಲಿ ಸೈಟ್ ಅಂತ ಬರೆದು ಕೋಲನ್ ಹಾಕಿ, ಜಾಗ ಬಿಡದೆ ವಿಳಾಸ ಬರೆದರೆ, ಆ ಸೈಟಿನ ಯಾವ ಪುಟಗಳು ಅದರ ಹತ್ತಿರ ಇವೆ ಅಂತ ಅಂದಾಜು ಸಿಗುತ್ತದೆ. ನಮ್ಮದಕ್ಕೆ ಸೊನ್ನೆ. ಹಿಂದಿದ್ದೇವೆ ಅಂದುಕೊಂಡಿದ್ದೆ. ನೋಡಿದರೆ ನಾವು ಓಟದಲ್ಲೇ ಇರಲಿಲ್ಲ.

ಪುಟದ ಸೋರ್ಸ್ ತೆರೆದೆ. ಮೇಲಿನ ಹತ್ತು ಸಾಲಿನೊಳಗೇ ಇತ್ತು, ರೋಬೋಟ್ಸ್ ಮೆಟಾ ಟ್ಯಾಗ್, ಅದರಲ್ಲಿ ನೋಇಂಡೆಕ್ಸ್. ಅಂದರೆ ಗೂಗಲ್ ಬಂದಾಗಲೆಲ್ಲ ನಮ್ಮ ಸೈಟೇ ಅದಕ್ಕೆ 'ನನ್ನನ್ನು ಪಟ್ಟಿಗೆ ಸೇರಿಸಬೇಡ' ಅಂತ ಹೇಳಿ ಕಳಿಸುತ್ತಿತ್ತು. ವರ್ಡ್‌ಪ್ರೆಸ್‌ನ ಸೆಟ್ಟಿಂಗ್ಸ್‌ನಲ್ಲಿ ರೀಡಿಂಗ್ ಅಂತ ಒಂದು ಪುಟ ಇದೆ. ಅದರ ಕೊನೆಯಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಒಂದು ಚೌಕ ಇದೆ. ಸೈಟ್ ಕಟ್ಟುವಾಗ ಅರೆಬರೆ ಪುಟಗಳು ಹೊರಗೆ ಕಾಣಬಾರದು ಅಂತ ಟಿಕ್ ಮಾಡುತ್ತಾರೆ, ಅದು ಸರಿಯೇ. ಮುಗಿದ ಮೇಲೆ ತೆಗೆಯಬೇಕು. ನಮ್ಮದನ್ನು 2021ರಲ್ಲಿ ವರ್ಡ್‌ಪ್ರೆಸ್‌ಗೆ ಬದಲಾಯಿಸಿ ಕೊಟ್ಟವರು ತೆಗೆದಿರಲಿಲ್ಲ. ಅವರ ಹೆಸರು ಬೇಡ. ಹಣ ಮಾತ್ರ ಪೂರ್ತಿ ತಗೊಂಡಿದ್ದರು.

ಟಿಕ್ ತೆಗೆದೆ, ಸೇವ್ ಒತ್ತಿದೆ. ಅಷ್ಟೇ ಕೆಲಸ, ಹತ್ತು ಸೆಕೆಂಡು.

ಟಿಕ್ ತೆಗೆದ ಕೂಡಲೇ ಸೈಟ್‌ಮ್ಯಾಪ್, ಅಂದರೆ ಸೈಟಿನ ಪುಟಗಳ ಪಟ್ಟಿ, ಕೂಡ ಜೀವ ಪಡೆಯಿತು. ವರ್ಡ್‌ಪ್ರೆಸ್ 5.5ರಿಂದ ತಾನೇ ಸೈಟ್‌ಮ್ಯಾಪ್ ಮಾಡುತ್ತದೆ, ಆ ಚೌಕಕ್ಕೆ ಟಿಕ್ ಇದ್ದರೆ ಮಾಡಲ್ಲ. ಕ್ರಾಲರ್‌ಗಳು ಎಲ್ಲಿಗೆ ಬರಬಾರದು ಅಂತ ಹೇಳುವ ರೋಬೋಟ್ಸ್ ಫೈಲ್ ನೋಡಿದರೆ ಅಲ್ಲೊಂದು ಹಳೇ ಕಾಲದ ಸಾಲು, ಕಂಟೆಂಟ್ ಫೋಲ್ಡರ್‌ಗೆ ಪೂರ್ತಿ ತಡೆ. ನಮ್ಮ ಫೋಟೋಗಳೆಲ್ಲ ಇರುವುದು ಅದೇ ಫೋಲ್ಡರ್‌ನಲ್ಲಿ. ಥೀಮಿನ ಸ್ಟೈಲ್ ಫೈಲ್‌ಗಳೂ ಅಲ್ಲೇ. ತಡೆ ಇದ್ದರೆ ಗೂಗಲ್‌ಗೆ ಪುಟ ಹೇಗೆ ಕಾಣುತ್ತದೆ ಅನ್ನುವುದೇ ತಿಳಿಯಲ್ಲ, ಫೋಟೋ ಹುಡುಕಾಟದಲ್ಲೂ ಬರಲ್ಲ. ಆ ಸಾಲನ್ನೂ ಅಳಿಸಿದೆ.

ಆಮೇಲೆ ಸರ್ಚ್ ಕನ್ಸೋಲ್. ಗೂಗಲ್ ಪುಕ್ಕಟೆ ಕೊಡುವ ಸಲಕರಣೆ ಇದು, ನಮ್ಮ ಸೈಟ್ ಅದಕ್ಕೆ ಹೇಗೆ ಕಾಣುತ್ತಿದೆ ಅಂತ ತೋರಿಸುತ್ತದೆ. ಸೈಟ್ ನಮ್ಮದೇ ಅಂತ ಮೊದಲು ಸಾಬೀತು ಮಾಡಬೇಕು. ಒಳ್ಳೆಯ ದಾರಿ ಡಿಎನ್‌ಎಸ್‌ನಲ್ಲಿ ಒಂದು ಟಿಎಕ್ಸ್‌ಟಿ ದಾಖಲೆ ಸೇರಿಸುವುದು. ಹಾಗೆ ಮಾಡಿದರೆ ಡೊಮೇನ್‌ನ, ಅಂದರೆ ಸೈಟಿನ ಹೆಸರಿನ, ಎಲ್ಲ ರೂಪಗಳೂ ಒಟ್ಟಿಗೆ ಬರುತ್ತವೆ. ಆದರೆ ಡೊಮೇನ್ ಇದ್ದದ್ದು ಚಿಕ್ಕಪ್ಪನ ಹೆಸರಲ್ಲಲ್ಲ, ಸೈಟ್ ಮಾಡಿಕೊಟ್ಟವರ ಖಾತೆಯಲ್ಲಿ. ತೋಟ ನಮ್ಮದು, ಗೇಟಿನ ಬೀಗದ ಕೈ ಬೇರೆಯವರ ಜೇಬಲ್ಲಿ. ಅದನ್ನು ಬಿಡಿಸಿಕೊಳ್ಳೋಕೆ ಅಕ್ಟೋಬರ್ ಬಂತು. ಸದ್ಯಕ್ಕೆ ಮುಖಪುಟದಲ್ಲಿ ಒಂದು ಮೆಟಾ ಟ್ಯಾಗ್ ಇಟ್ಟು ಕೆಲಸ ನಡೆಸಿದೆ. ಸೈಟ್‌ಮ್ಯಾಪ್ ಸಲ್ಲಿಸಿದೆ, ಮುಖಪುಟವನ್ನು ಸೇರಿಸಿಕೊಳ್ಳಿ ಅಂತ ಕೋರಿಕೆ ಹಾಕಿದೆ. ಅಷ್ಟರಲ್ಲಿ ಕರೆಂಟು ಹೋಯ್ತು. ಮರ ಬಿದ್ದು ಲೈನ್ ಕಿತ್ತಿದೆ ಅಂದರು. ಬಂದದ್ದು ನಾಲ್ಕನೇ ದಿನ.

ಜೂನ್ ಕೊನೆ: ಪೌಂಡ್ ಬಂತು

ಒಂದು ವಾರದ ಮೇಲೆ ಚಿಕ್ಕಪ್ಪನ ವಾಟ್ಸಾಪ್, ಒಂದು ಸ್ಕ್ರೀನ್‌ಶಾಟ್ ಜೊತೆ. ಹೋಂಸ್ಟೇ ಹೆಸರು ಹುಡುಕಿದರೆ ನಮ್ಮ ಸೈಟ್ ಬಂದಿತ್ತು! ಹೆಸರಿನ ಕೆಳಗೆ ಎರಡು ಸಾಲು ವಿವರಣೆ ಇರಬೇಕಾದ ಕಡೆ ಏನೇನೋ ಗುರುತು. ಕೂಡಲೇ ಫೋನ್.

"ಏನೋ ಇದು, ಇಂಗ್ಲೆಂಡಿನ ದುಡ್ಡಿನ ಗುರುತು? ರೇಟ್ ಪೌಂಡಲ್ಲಿ ಹಾಕಿದ್ಯಾ?"

ನೋಡಿದ ಕೂಡಲೇ ಗೊತ್ತಾಯ್ತು. ನುಡಿ.

ಸೈಟನ್ನು ಮೊದಲು ಮಾಡಿಸಿದ್ದು 2013ರಲ್ಲಿ. ಆಗ ಮಾತುಗಳನ್ನೆಲ್ಲ ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ನಲ್ಲಿ ಟೈಪ್ ಮಾಡಿಸಿ, ಫಾಂಟ್ ಫೈಲನ್ನು ಸೈಟಿಗೆ ಅಂಟಿಸಿದ್ದರು. ವರ್ಡ್‌ಪ್ರೆಸ್‌ಗೆ ಬಂದಾಗ ಅದನ್ನೇ ಎತ್ತಿ ಇಟ್ಟಿದ್ದರು. ನುಡಿಯ ಹಳೇ ಫಾಂಟ್‌ಗಳಲ್ಲಿ ಕನ್ನಡ ಬರೀ ವೇಷ. ಒಳಗಿರುವುದು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಕೇತ. 'ಕನ್ನಡ' ಅಂತ ಹೊಡೆದರೆ ಒಳಗೆ ಕೂರುವುದು ಇಂಗ್ಲಿಷಿನ ದೊಡ್ಡ ಪಿ, ತಲೆ ಮೇಲೆ ಗೆರೆ ಇರುವ ಎ, ಆಮೇಲೆ ಪೌಂಡ್ ಚಿಹ್ನೆ. ನಮ್ಮ 'ನ' ಅಕ್ಷರಕ್ಕೆ ಅವರು ಕೊಟ್ಟ ಜಾಗ ಪೌಂಡಿನದು. 'ನಮ್ಮ ಮನೆಗೆ ನಿಮಗೆ ಸ್ವಾಗತ' ಅಂದರೆ ಎರಡು ಪೌಂಡ್! ಫಾಂಟ್ ಇದ್ದರೆ ಕಣ್ಣಿಗೆ ಕನ್ನಡ. ಗೂಗಲ್‌ಗೆ ಕಣ್ಣಿಲ್ಲ, ಅದು ಓದುವುದು ಸಂಕೇತವನ್ನು. ಅದಕ್ಕೆ ನಮ್ಮ ಹನ್ನೊಂದು ಪುಟದಲ್ಲೂ ಕನ್ನಡದ ಒಂದು ಪದ ಸಿಕ್ಕಿರಲಿಲ್ಲ.

ಇನ್ನೊಂದು ಹಳೇ ಒಗಟೂ ಬಿಡಿಸಿತು. ವರ್ಷಕ್ಕೆ ಒಂದೆರಡು ಸಲ ಯಾರಾದರೂ ಫೋನ್ ಮಾಡಿ "ನಿಮ್ಮ ಸೈಟ್ ಹ್ಯಾಕ್ ಆಗಿದೆ ಸಾರ್" ಅನ್ನುತ್ತಿದ್ದರಂತೆ. ಸಿಗ್ನಲ್ ಕಮ್ಮಿ ಇರುವ ಕಡೆ ಫಾಂಟ್ ಫೈಲ್ ಇಳಿಯದೆ ವೇಷ ಕಳಚಿ ಬಿದ್ದಿರುತ್ತಿತ್ತು.

ನಿಮ್ಮಲ್ಲಿ ಹಳೇ ಕನ್ನಡ ಸೈಟ್ ಇದ್ದರೆ ಒಂದು ಸುಲಭ ಪರೀಕ್ಷೆ ಇದೆ. ಪುಟದಿಂದ ಒಂದು ಸಾಲು ಕಾಪಿ ಮಾಡಿ ವಾಟ್ಸಾಪ್‌ಗೆ ಹಾಕಿ. ಕನ್ನಡವೇ ಬಂದರೆ ಅದು ಯೂನಿಕೋಡ್, ಅಂದರೆ ಕನ್ನಡಕ್ಕೆ ಅದರದೇ ಸಂಕೇತ ಇರುವ ಪದ್ಧತಿ, ಚಿಂತೆ ಇಲ್ಲ. ಪೌಂಡ್ ಬಂದರೆ ನನ್ನ ಹಾಗೆ ಕೂರಬೇಕು.

ನುಡಿಯಿಂದ ಯೂನಿಕೋಡ್‌ಗೆ ಬದಲಾಯಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಹನ್ನೊಂದು ಪುಟವನ್ನು ಒಂದು ಸಂಜೆಯಲ್ಲಿ ಹಾಕಿ ತೆಗೆದೆ. ಖುಷಿಯಾಯ್ತು. ಓದೋಕೆ ಕೂತಾಗ ಇಳಿಯಿತು. 'ವರ್ಷ' ಹೋಗಿ 'ವಷರ್' ಆಗಿತ್ತು. 'ಸೂರ್ಯೋದಯ' 'ಸೂಯೋರ್ದಯ' ಆಗಿತ್ತು. ಬರುವ ದಾರಿ ತಿಳಿಸುವ ಪುಟದ ತುಂಬ 'ಮಾಗರ್'.

ಕಾರಣ ಅರ್ಕಾವತ್ತು. ನಾವು ಬರೆಯುವಾಗ ಅಕ್ಷರ ಮೊದಲು, ಅದರ ಪಕ್ಕ ಅರ್ಕಾವತ್ತು. ನುಡಿಯೂ ಹಾಗೇ ಕೂರಿಸಿಟ್ಟಿರುತ್ತದೆ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ, ರ ಮೊದಲು ಬರಬೇಕು. ನನಗೆ ಸಿಕ್ಕಿದ ಪರಿವರ್ತಕ ಹಿಂದೆ ಮುಂದೆ ಮಾಡದೆ ಇದ್ದಲ್ಲೇ ಇಟ್ಟಿತ್ತು. ಕಡೆಯಲ್ಲಿ 'ರ್' ಬಂದಲ್ಲೆಲ್ಲ ಅದನ್ನು ಒಂದಕ್ಷರ ಹಿಂದಕ್ಕೆ ತಳ್ಳು ಅಂತ ಒಂದೇ ಏಟಿಗೆ ಬದಲಾಯಿಸಿದೆ. ಆಗ 'ಕಿಲೋಮೀಟರ್' ಹೋಗಿ 'ಕಿಲೋಮೀರ್ಟ' ಆಯ್ತು, 'ಹೀಟರ್' 'ಹೀರ್ಟ' ಆಯ್ತು. ವಾಪಸ್ ತಗೊಂಡೆ. ಆಮೇಲೆ ಕೂತು ಒಂದೊಂದನ್ನೇ ಕೈಯಲ್ಲಿ ತಿದ್ದಿದೆ. ಕಾಫಿ ಆರಿಸಿದ ಹಾಗೇ, ಕಣ್ಣು ನೋಯುವವರೆಗೆ. ಹತ್ತು ಪುಟ ಮುಗಿಯಿತು.

ಜುಲೈ: ಸಣ್ಣ ಸಣ್ಣ ಕೆಲಸ

ಇದೆಲ್ಲ ವಾರಾಂತ್ಯದಲ್ಲಿ ಚೂರುಚೂರಾಗಿ ಆದದ್ದು.

ಎಲ್ಲ ಪುಟಗಳ ಶೀರ್ಷಿಕೆಯೂ ಒಂದೇ ಇತ್ತು, ಹೋಂಸ್ಟೇ ಹೆಸರು ಮತ್ತು 'ಮುಖಪುಟ'. ಹುಡುಕಾಟದಲ್ಲಿ ನೀಲಿ ಬಣ್ಣದಲ್ಲಿ ಕಾಣುವ ಸಾಲು ಸಾಮಾನ್ಯವಾಗಿ ಅದೇ. ಪ್ರತಿಯೊಂದಕ್ಕೂ ಆ ಪುಟದಲ್ಲಿ ಏನಿದೆಯೋ ಅದನ್ನೇ ಬರೆದೆ. ಇಲ್ಲಿ ಊರಿನ ಹೆಸರಿನ ತಲೆನೋವು ಇದೆ. ನಾವು ಕೊಡಗು ಅಂತೀವಿ, ಬೆಂಗಳೂರಿನವರು ಹುಡುಕುವುದು ಕೂರ್ಗ್. ಮಲ್ಲಳ್ಳಿ ಜಲಪಾತವನ್ನು ಇಂಗ್ಲಿಷಿನಲ್ಲಿ ಕನಿಷ್ಠ ಮೂರು ಥರ ಬರೆಯುತ್ತಾರೆ. ಎಲ್ಲ ಸ್ಪೆಲಿಂಗ್‌ಗಳನ್ನೂ ಪುಟದ ಕೆಳಗೆ ತುರುಕಬೇಕಾಗಿಲ್ಲ, ಅಷ್ಟು ಗೂಗಲ್‌ಗೆ ತಿಳಿಯುತ್ತದೆ. ಆದರೆ ಇಂಗ್ಲಿಷ್ ಪುಟದಲ್ಲಿ ಕೂರ್ಗ್ ಅನ್ನುವ ಪದವೇ ಇಲ್ಲದಿದ್ದರೆ ನಮಗೇ ನಷ್ಟ. ಮೊದಲು ಒಂದೇ ಪುಟದಲ್ಲಿ ಎರಡೂ ಭಾಷೆ ಕಲಸಿತ್ತು. ಬೇರೆ ಮಾಡಿ, ಇದು ಕನ್ನಡದ್ದು, ಇದು ಅದರದೇ ಇಂಗ್ಲಿಷ್ ಜೋಡಿ ಅಂತ ಹ್ರೆಫ್‌ಲ್ಯಾಂಗ್ ಟ್ಯಾಗಿನಲ್ಲಿ ಎರಡೂ ಕಡೆಯಿಂದ ಹೇಳಿದೆ. ಒಂದು ಕಡೆಯಿಂದ ಮಾತ್ರ ಹೇಳಿದರೆ ಗೂಗಲ್ ಒಪ್ಪಲ್ಲ.

ಕೀವರ್ಡ್ಸ್ ಅಂತ ಒಂದು ಮೆಟಾ ಟ್ಯಾಗಿನಲ್ಲಿ ಎಂಬತ್ತು ಪದ ತುಂಬಿಸಿದ್ದರು, ಊಟಿಯೂ ಇತ್ತು. ಗೂಗಲ್ ಅದನ್ನು ನೋಡಲ್ಲ ಅಂತ 2009ರಲ್ಲೇ ಹೇಳಿದೆ. ಅಳಿಸಿದೆ.

ವಿಳಾಸಗಳ ಕಥೆ ಬೇರೆ. ವರ್ಡ್‌ಪ್ರೆಸ್ ಕನ್ನಡ ಶೀರ್ಷಿಕೆಯಿಂದಲೇ ವಿಳಾಸ ಮಾಡುತ್ತದೆ. ಕನ್ನಡದ ಒಂದೊಂದು ಸಂಕೇತವೂ ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಜೊತೆ ಒಂಬತ್ತು ಅಕ್ಷರ ಆಗುತ್ತದೆ. ಕಾಫಿ ಅನ್ನುವ ಪುಟ್ಟ ಪದಕ್ಕೆ 36. ವರ್ಡ್‌ಪ್ರೆಸ್ ಕೊಡುವ ಜಾಗ 200. 'ಮಲ್ಲಳ್ಳಿ ಜಲಪಾತಕ್ಕೆ ಹೋಗುವ ದಾರಿ' ಅನ್ನುವ ಪುಟದ ವಿಳಾಸ 'ಹೋಗುವ' ತನಕ ಬಂದು 200 ಮುಗಿದಿತ್ತು. ದಾರಿಯೇ ಇರಲಿಲ್ಲ. ಗೂಗಲ್‌ಗೆ ಕನ್ನಡ ವಿಳಾಸದಿಂದ ತೊಂದರೆ ಇಲ್ಲ. ಆದರೆ ಆ ಉದ್ದದ ಸಾಲನ್ನು ವಾಟ್ಸಾಪ್‌ನಲ್ಲಿ ಕಳಿಸಿದರೆ ಜನ ವೈರಸ್ ಅಂತ ಹೆದರುತ್ತಾರೆ. ಚಿಕ್ಕದಾದ ಇಂಗ್ಲಿಷ್ ಅಕ್ಷರದ ವಿಳಾಸ ಕೊಟ್ಟು, ಹಳೆಯದರಿಂದ ಹೊಸದಕ್ಕೆ 301 ಹಾಕಿದೆ.

301 ಅಂದರೆ ಕಾಯಂ ಆಗಿ ವಿಳಾಸ ಬದಲಾಗಿದೆ ಅಂತ ಸರ್ವರ್ ಹೇಳುವ ಮಾತು. ಲಾಗ್‌ನಲ್ಲಿ 404, ಅಂದರೆ 'ಪುಟ ಸಿಗಲಿಲ್ಲ' ಅಂತ ಬಂದ ಸಾಲುಗಳನ್ನು ಬೇರೆ ಮಾಡಿ ನೋಡಿದಾಗ 2013ರ ಸೈಟಿನ ಪುಟಗಳನ್ನು ಈಗಲೂ ಯಾರೋ ಕೇಳುತ್ತಿರುವುದು ಕಾಣಿಸಿತು. ಯಾವುದೋ ಚಾರಣದವರು ಪುಷ್ಪಗಿರಿ ಹತ್ತಿದ ಅನುಭವ ಬರೆದು ನಮ್ಮ ಹಳೇ ಪುಟಕ್ಕೆ ಕೊಂಡಿ ಕೊಟ್ಟಿದ್ದರು. ಎಂಟು ವರ್ಷ ಆ ಕೊಂಡಿ ಕೆಲಸ ಮಾಡಿದೆ, ಆಮೇಲೆ ಸುಮ್ನೆ ಗೋಡೆಗೆ ಬಡಿಯುತ್ತಿದೆ. ಫೋನ್ ಮಾಡಿ ಮಾರುವವರು ಕೊಡುವ ಐದು ಸಾವಿರ ಕೊಂಡಿಗಿಂತ ನಿಜವಾಗಿ ಬಂದು ಉಳಿದುಹೋದವರ ಇಂಥದೊಂದು ಮೇಲು. ಆರು ಹಳೇ ವಿಳಾಸಗಳಿಗೂ 301 ಹಾಕಿದೆ. ಒಂದು ಗಂಟೆ ಕೂಡ ಹಿಡಿಯಲಿಲ್ಲ. ಮೊದಲ ದಿನವೇ ಮಾಡಬೇಕಿತ್ತು.

ಫೋಟೋಗಳು ಒಂದೊಂದೂ ಆರೇಳು ಎಂಬಿ, ಕ್ಯಾಮೆರಾದಿಂದ ಎತ್ತಿ ಹಾಗೇ ಹಾಕಿದ್ದು. ಅಗಲ 1600 ಪಿಕ್ಸೆಲ್‌ಗೆ ಇಳಿಸಿ, ವೆಬ್‌ಪಿ ಅನ್ನುವ ಹಗುರ ಫೋಟೋ ರೂಪಕ್ಕೆ ಬದಲಾಯಿಸಿದರೆ 200 ಕೆಬಿ ಒಳಗೆ ಬಂದವು. ತಾನೇ ತಿರುಗುವ ಸ್ಲೈಡರ್ ತೆಗೆದೆ. ಚಿಕ್ಕಪ್ಪನಿಗೆ ಅದು ಇಷ್ಟ ಇತ್ತು, ಎರಡು ದಿನ ಮಾತಾಡಲಿಲ್ಲ. ಪುಟದ ಮುಖ್ಯ ಭಾಗ 2.5 ಸೆಕೆಂಡಿನೊಳಗೆ ಕಾಣಬೇಕು ಅನ್ನುವುದು ಗೂಗಲ್‌ನ ಅಳತೆ. ನಿಜವಾದ ಭೇಟಿಗಾರರ ವೇಗದ ವರದಿ ನಮ್ಮಂಥ ಸಣ್ಣ ಸೈಟಿಗೆ ಸಿಗಲ್ಲ, ಅದಕ್ಕೆ ಸಾಕಾಗುವಷ್ಟು ಜನ ಬರಬೇಕು. ಹಾಗಾಗಿ ನನ್ನದೇ ಪರೀಕ್ಷೆ. ಕಾಫಿ ಕಣದ ಮೂಲೆಯಲ್ಲಿ ಹಲಸಿನ ಮರದ ಕೆಳಗೆ ಎರಡು ಕಡ್ಡಿ ಸಿಗ್ನಲ್ ಬರುತ್ತದೆ. ಅಲ್ಲಿ ಕೊಡೆ ಹಿಡಿದು ನಿಂತು ಫೋನಿನಲ್ಲಿ ಸೈಟ್ ತೆರೆಯುವುದು. ಮೊದಲು ಮನಸ್ಸಿನಲ್ಲಿ ನಲವತ್ತು ಎಣಿಸುವವರೆಗೂ ಬಿಳಿ ಪುಟ. ಈಗ ನಾಲ್ಕು ಎಣಿಸುವುದರೊಳಗೆ ಮನೆ ಕಾಣುತ್ತದೆ.

ಸರ್ಚ್ ಕನ್ಸೋಲ್ ಅಷ್ಟರಲ್ಲಿ ಇನ್ನೊಂದು ದೂರು ಹೇಳುತ್ತಿತ್ತು. ನೂರಾರು ಪುಟಗಳನ್ನು ನೋಡಿದ್ದೇನೆ, ಪಟ್ಟಿಗೆ ಸೇರಿಸಿಲ್ಲ ಅಂತ. ನಮ್ಮಲ್ಲಿ ನೂರಾರು ಪುಟ ಎಲ್ಲಿಂದ ಬಂತು? ಹಳೇ ವರ್ಡ್‌ಪ್ರೆಸ್ ಸೈಟುಗಳಲ್ಲಿ ಏರಿಸಿದ ಒಂದೊಂದು ಫೋಟೋಗೂ ಒಂದೊಂದು ಖಾಲಿ ಪುಟ ಇರುತ್ತದೆ. 6.4ರ ನಂತರ ಹೊಸದಾಗಿ ಕಟ್ಟಿದ ಸೈಟುಗಳಲ್ಲಿ ಇದು ಬಂದ್, ಹಳೆಯವುಗಳಲ್ಲಿ ನಾವೇ ಬಂದ್ ಮಾಡಬೇಕು. ಮಾಡಿದೆ. ನಾಲ್ಕು ರೂಮಿಗೆ ನಾಲ್ಕು ಪುಟ ಇತ್ತು, ನಾಲ್ಕರಲ್ಲೂ ಅದೇ ಮಾತು, ಗೋಡೆಯ ಬಣ್ಣ ಮಾತ್ರ ಬೇರೆ. ಸೇರಿಸಿ ಒಂದು ಮಾಡಿದೆ.

ಆಟಿ ಸೊಪ್ಪು

ಜುಲೈ ಕೊನೆಯಲ್ಲಿ ಚಿಕ್ಕಮ್ಮ ಬೇಲಿ ಪಕ್ಕ ಆಟಿ ಸೊಪ್ಪು ನೋಡಿಕೊಂಡು ಬಂದರು. ಕೊಡಗಿನಲ್ಲಿ ಆಗಸ್ಟ್ 3, ಕಕ್ಕಡ ತಿಂಗಳ 18ರ ದಿನ ಈ ಸೊಪ್ಪಿನ ರಸ ತೆಗೆದು ಪಾಯಸ ಮಾಡುತ್ತಾರೆ. ಮದ್ದು ಸೊಪ್ಪು ಅಂತಲೂ ಅಂತಾರೆ. ಆ ದಿನ ಅದರಲ್ಲಿ ಹದಿನೆಂಟು ಥರದ ಔಷಧ ಗುಣ ಇರುತ್ತದೆ ಅನ್ನುವ ನಂಬಿಕೆ. ಬೇಯಿಸಿದ ನೀರು ಕಡು ನೇರಳೆ. ಚಿಕ್ಕಮ್ಮ ಹೇಳಿದ್ದನ್ನು ಬರೆದುಕೊಂಡು, ಸೊಪ್ಪಿನದು, ಬೇಯಿಸಿದ ನೀರಿನದು, ಪಾಯಸದ್ದು ಫೋಟೋ ತೆಗೆದು ಒಂದು ಪುಟ ಮಾಡಿದೆ. ಹೋಂಸ್ಟೇ ವ್ಯಾಪಾರಕ್ಕೆ ಸಂಬಂಧ ಇಲ್ಲದ ಪುಟ. ಸುಮ್ನೆ ಬರೆದದ್ದು.

ಆಗಸ್ಟ್ 2 ಮತ್ತು 3ರಂದು ಆ ಒಂದು ಪುಟಕ್ಕೆ ಬಂದಷ್ಟು ಜನ ಉಳಿದ ಎಲ್ಲ ಪುಟಗಳಿಗೆ ಇಡೀ ಜುಲೈನಲ್ಲಿ ಬಂದಿರಲಿಲ್ಲ. ಯಾವ ಮಾತು ಹುಡುಕಿ ಬಂದರು ಅಂತ ನೋಡಿದೆ. ಆಟಿ ಸೊಪ್ಪಿನ ಪಾಯಸ ಮಾಡುವ ವಿಧಾನ, ಮದ್ದು ಸೊಪ್ಪು ಹೇಗಿರುತ್ತದೆ. ಮೂರನೆಯದು, ಆಟಿ ಸೊಪ್ಪು ತಿಂದರೆ ಮೂತ್ರ ಯಾಕೆ ಕೆಂಪಾಗುತ್ತದೆ. ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ವಿಷಯ. ಹೊರಗಿನಿಂದ ಮದುವೆಯಾಗಿ ಬಂದವರೋ, ನೆಂಟರ ಮನೆಗೆ ಬಂದವರೋ ಆಗಸ್ಟ್ 4ರ ಬೆಳಿಗ್ಗೆ ಗಾಬರಿಯಿಂದ ಗೂಗಲ್ ಮಾಡಿರಬೇಕು. ಪುಟದಲ್ಲಿ ಒಂದು ಸಾಲು ಸೇರಿಸಿದೆ: ಬಣ್ಣ ಸೊಪ್ಪಿನದು, ಹೆದರಬೇಡಿ.

ಆಗಸ್ಟ್ 6ಕ್ಕೆ ಗ್ರಾಫಿನಲ್ಲಿ ಬಂದವರ ಗೆರೆ ನೆಲಕ್ಕೆ ಬಿತ್ತು. ಚಿಕ್ಕಪ್ಪನ ಫೋನ್: "ಎಲ್ಲ ಹೋಯ್ತಲ್ಲೋ! ಏನು ಮುಟ್ಟಿದೆ?"

ನಾನು ಮಳೆ ಪುಸ್ತಕ ತನ್ನಿ ಅಂದೆ. ನಮ್ಮ ಕಡೆ ಪ್ಲಾಂಟರ್‌ಗಳು ಬೆಳಿಗ್ಗೆ ಎದ್ದು ಗೇಜಿನ ನೀರು ಅಳೆದು ಇಂಚು, ಸೆಂಟ್ ಲೆಕ್ಕದಲ್ಲಿ ಬರೆದಿಡುತ್ತಾರೆ. ಚಿಕ್ಕಪ್ಪನ ಹತ್ತಿರ ಅಜ್ಜನ ಕಾಲದ್ದೂ ಇದೆ. 2018ರ ಆಗಸ್ಟ್ ಪುಟ ತೆಗೆಯಿರಿ ಅಂದೆ. ಗುಡ್ಡ ಜರಿದ ವರ್ಷ. ಆ ವಾರದ ಅಂಕಿಗಳಿಗೆ ಅವರೇ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದರು. "ಈ ತಿಂಗಳ ಜೊತೆ ಹೋಲಿಸಿ ಮುಂದಿನ ವರ್ಷ ಮಳೆ ಕಮ್ಮಿ ಅಂತ ಬರೆದ್ರಾ?" ಅಂದೆ. ಇಲ್ಲ, ಅದನ್ನು ಬಿಟ್ಟು ಬೇರೆ ಸರಾಸರಿ ಹಾಕಿದ್ದೆ ಅಂದರು. ಫೋನಿನಲ್ಲೇ ನಕ್ಕರು. ಆಮೇಲೆ ದಿನದ ಅಂಕಿ ಕೇಳುವುದು ಬಿಟ್ಟರು. ಆಗಸ್ಟನ್ನು ಆಗಸ್ಟಿನ ಜೊತೆಗೇ ನೋಡಬೇಕು, ಅದಕ್ಕೆ ಒಂದು ವರ್ಷ ಬೇಕು. ಸರ್ಚ್ ಕನ್ಸೋಲ್ 16 ತಿಂಗಳ ಲೆಕ್ಕ ಮಾತ್ರ ಇಡುತ್ತದೆ. ಬಂದವರನ್ನು ಎಣಿಸುವ ಗೂಗಲ್ ಅನಲಿಟಿಕ್ಸ್ 4ರಲ್ಲಿ ವಿವರವಾದ ದಾಖಲೆ ಮೊದಲಿಗೆ ಎರಡು ತಿಂಗಳಿಗೆ ಇರುತ್ತದೆ, ಸೆಟ್ಟಿಂಗ್ ಬದಲಾಯಿಸಿದರೆ 14. ಬದಲಾಯಿಸಿದೆ. ತಿಂಗಳ ಕೊನೆಗೆ ಅಂಕಿಗಳನ್ನು ಒಂದು ಶೀಟಿಗೆ ಇಳಿಸಿಡುವ ಕೆಲಸ ಚಿಕ್ಕಪ್ಪನೇ ವಹಿಸಿಕೊಂಡರು. ಮಳೆ ಪುಸ್ತಕದ ಕೊನೆಯ ಪುಟದಲ್ಲೂ ಬರೆದುಕೊಳ್ಳುತ್ತಾರೆ, ನಾನು ಬೇಡ ಅನ್ನಲಿಲ್ಲ.

ಸೆಪ್ಟೆಂಬರ್: ಸರಾಸರಿ ಕುಸಿಯಿತು, ಒಳ್ಳೆಯದಾಯ್ತು

ಸೆಪ್ಟೆಂಬರ್‌ನಲ್ಲಿ ನಾನೇ ಗಾಬರಿಯಾದೆ. ಹುಡುಕಾಟದಲ್ಲಿ ನಮ್ಮ ಸರಾಸರಿ ಸ್ಥಾನ ಜುಲೈನಲ್ಲಿ 3 ಇದ್ದದ್ದು 19ಕ್ಕೆ ಹೋಗಿತ್ತು. ಕ್ಲಿಕ್ ಮಾತ್ರ ಜಾಸ್ತಿಯಾಗಿತ್ತು. ಬಿಡಿಸಿ ನೋಡಿದಾಗ ತಿಳಿಯಿತು. ಜುಲೈನಲ್ಲಿ ನಮ್ಮನ್ನು ತೋರಿಸುತ್ತಿದ್ದದ್ದು ಹೋಂಸ್ಟೇ ಹೆಸರು ಹಾಕಿ ಹುಡುಕಿದವರಿಗೆ ಮಾತ್ರ. ಅಲ್ಲಿ ನಾವು ಮೇಲೇ ಇರುತ್ತೇವೆ, ಇರದಿದ್ದರೆ ನಾಚಿಕೆ. ಸೆಪ್ಟೆಂಬರ್‌ನಲ್ಲಿ ಮಲ್ಲಳ್ಳಿ, ಪುಷ್ಪಗಿರಿ, ಕೂರ್ಗ್ ಹೋಂಸ್ಟೇ ಅಂತೆಲ್ಲ ಹುಡುಕಿದವರಿಗೂ ಎಲ್ಲೋ ಮೂರನೇ ನಾಲ್ಕನೇ ಪುಟದಲ್ಲಿ ಕಾಣಲು ಶುರುವಾಗಿತ್ತು. ಹೊಸ ಮಕ್ಕಳು ಸೇರಿದರೆ ಕ್ಲಾಸಿನ ಸರಾಸರಿ ಇಳಿಯುವುದಿಲ್ವಾ, ಹಾಗೆ. ಅಂದಿನಿಂದ ಒಟ್ಟು ಸರಾಸರಿ ನೋಡುವುದನ್ನೇ ಬಿಟ್ಟೆ. ಒಂದೊಂದು ಪದಕ್ಕೆ ಬೇರೆ ಬೇರೆ ನೋಡುತ್ತೇನೆ. ಪದಗಳ ಕ್ಲಿಕ್ ಕೂಡಿದರೆ ಒಟ್ಟು ಕ್ಲಿಕ್ಕಿಗೆ ಸಮ ಬರಲ್ಲ, ಅದಕ್ಕೂ ತಲೆ ಕೆಡಿಸಿಕೊಳ್ಳಬೇಡಿ. ತೀರಾ ಕಮ್ಮಿ ಜನ ಹುಡುಕುವ ಪದಗಳನ್ನು ಅವರ ಗುಟ್ಟು ಕಾಪಾಡಲು ಗೂಗಲ್ ತೋರಿಸುವುದಿಲ್ಲ.

ಕೂರ್ಗ್ ಹೋಂಸ್ಟೇ ಅನ್ನುವ ಪದದ ಹಿಂದೆ ನಾನು ಬೀಳಲಿಲ್ಲ. ಅಲ್ಲಿ ಬುಕಿಂಗ್ ಕಂಪನಿಗಳ ಜಾತ್ರೆ. ನಾಲ್ಕು ರೂಮಿನವರು ಅಲ್ಲಿ ಹೋಗಿ ತಳ್ಳಾಡಿ ಮಾಡುವುದೇನು? ಮಲ್ಲಳ್ಳಿಗೆ ಹೋಗುವ ದಾರಿ, ಮಳೆಗಾಲದಲ್ಲಿ ಯಾವ ತಿರುವು ಜಾರುತ್ತದೆ, ಸೋಮವಾರಪೇಟೆ ಬಿಟ್ಟ ಮೇಲೆ ಎಲ್ಲಿ ಊಟ ಸಿಗುತ್ತದೆ, ಇಂಥದ್ದು ನಮಗೆ ಗೊತ್ತು, ಅವರಿಗೆ ಗೊತ್ತಿಲ್ಲ. ಆ ಪುಟವನ್ನೇ ಉದ್ದ ಮಾಡಿದೆ. ಅದು ನಿಧಾನಕ್ಕೆ ಮೊದಲ ಪುಟಕ್ಕೆ ಹತ್ತಿತು.

ಅಕ್ಟೋಬರ್: ನೋಟ್‌ಬುಕ್

ಡೊಮೇನ್ ಕೊನೆಗೂ ಚಿಕ್ಕಪ್ಪನ ಖಾತೆಗೆ ಬಂತು. ಎಷ್ಟು ಫೋನು, ಎಷ್ಟು ಮಾತು, ಅದನ್ನು ಬರೆದರೆ ನನಗೇ ಬಿಪಿ ಏರುತ್ತದೆ.

ಅನಲಿಟಿಕ್ಸ್‌ನಲ್ಲಿ ಬಂದವರಲ್ಲಿ ಮುಕ್ಕಾಲು ಪಾಲು 'ಡೈರೆಕ್ಟ್'. ಅಂದರೆ ವಿಳಾಸ ಟೈಪ್ ಮಾಡಿ ಬಂದವರು ಅಂತ ಅಂದುಕೊಳ್ಳಬೇಡಿ. ಎಲ್ಲಿಂದ ಬಂದರು ಅಂತ ಗೊತ್ತಾಗದವರನ್ನೆಲ್ಲ ಆ ಚೀಲಕ್ಕೆ ಹಾಕುತ್ತದೆ. ವಾಟ್ಸಾಪ್‌ನಲ್ಲಿ ಕಳಿಸಿದ ಕೊಂಡಿ ಒತ್ತಿ ಬಂದವರೂ ಸಾಮಾನ್ಯವಾಗಿ ಅಲ್ಲೇ. ಚಿಕ್ಕಪ್ಪ ಎಲ್ಲರಿಗೂ ಕಳಿಸುವ ಕೊಂಡಿಗೆ ಎಲ್ಲಿಂದ ಬಂದರು ಅಂತ ಹೇಳುವ ಒಂದು ಯುಟಿಎಂ ಬಾಲ ಸೇರಿಸಿ ಕೊಟ್ಟೆ, ಆಮೇಲೆ ಅವರು ಬೇರೆಯಾಗಿ ಕಂಡರು. ಮ್ಯಾಪಿನಲ್ಲಿರುವ ನಮ್ಮ ಬಿಸಿನೆಸ್ ಪ್ರೊಫೈಲ್‌ನ ಕೊಂಡಿಗೂ ಹಾಗೇ ಮಾಡಿದೆ. ಮ್ಯಾಪಿನ ಪಿನ್ ಲೈನ್ ಮನೆಗಳ ಹತ್ತಿರ ಇತ್ತು, ಅದನ್ನೂ ಎಳೆದು ಗೇಟಿಗೆ ತಂದೆ. ರಾತ್ರಿ ಹೊತ್ತು ಬಂದವರು ಕೂಲಿಯವರ ಬಾಗಿಲು ತಟ್ಟುವುದು ನಿಂತಿತು.

ಆದರೆ ನಮ್ಮಲ್ಲಿ ಬುಕಿಂಗ್ ಆಗುವುದು ಫೋನಿನಲ್ಲಿ. ನಂಬರ್ ಒತ್ತಿದರು ಅನ್ನುವವರೆಗೆ ಅನಲಿಟಿಕ್ಸ್ ಹೇಳುತ್ತದೆ. ಆಮೇಲೆ ಏನಾಯ್ತು ಅಂತ ಹೇಳಲ್ಲ. ಅದಕ್ಕೆ ಫೋನ್ ಪಕ್ಕ ಒಂದು ನೂರು ಪುಟದ ನೋಟ್‌ಬುಕ್ ಇಟ್ಟೆ. ಚಿಕ್ಕಮ್ಮ ಪ್ರತಿಯೊಬ್ಬರನ್ನೂ ಕೇಳುತ್ತಾರೆ, "ನಮ್ಮ ನಂಬರ್ ಎಲ್ಲಿ ಸಿಕ್ತು?" ಉತ್ತರ ಬರೆಯುತ್ತಾರೆ. ಎಲ್ಲರೂ ಹೇಳುವುದು ಗೂಗಲ್ ಅಂತಲೇ. ಚಿಕ್ಕಮ್ಮ ಬಿಡಲ್ಲ. "ಮ್ಯಾಪಾ, ಸೈಟಾ?" ಅಂತ ಮತ್ತೆ ಕೇಳುತ್ತಾರೆ. ಮೊದಲ ತಿಂಗಳ ಪುಟದಲ್ಲಿ ಮ್ಯಾಪಿನವರು 9, ಸೈಟಿನವರು 6, ನೆಂಟರು ಸ್ನೇಹಿತರು ಹೇಳಿದ್ದು 11. ಸೈಟಿನ ಆರರಲ್ಲಿ ನಾಲ್ಕು ಜನ ಮಲ್ಲಳ್ಳಿ ಪುಟ ಓದಿ ಬಂದವರು. ಒಬ್ಬರು ಆಟಿ ಸೊಪ್ಪಿನ ಪುಟ ಓದಿ, ಬರುವ ಆಗಸ್ಟ್ 3ಕ್ಕೆ ರೂಮ್ ಬೇಕು, ಪಾಯಸ ಮಾಡ್ತೀರಾ ಅಂತ ಕೇಳಿದ್ದಾರೆ. ಚಿಕ್ಕಮ್ಮ ಅದರ ಮುಂದೆ ಬರೆದದ್ದು: 'ಹೂಂ ಅಂದೆ'.

ನವೆಂಬರ್

ಕೆಲಸ ಮುಗಿಯಿತು ಅಂದುಕೊಂಡು ಸೈಟಿನ ಪಾಸ್‌ವರ್ಡ್‌ಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಕಬೋರ್ಡಿಗೆ ಅಂಟಿಸುತ್ತಿದ್ದೆ. ತೋಟದಲ್ಲಿ ಅರೇಬಿಕಾ ಕುಯ್ಲು ಶುರುವಾಗಿತ್ತು, ಚಿಕ್ಕಪ್ಪ ಕಣದಲ್ಲಿದ್ದರು. ಫೋನ್ ನಾನೇ ತೆಗೆದೆ. ಹಾಸನದಿಂದ ಒಬ್ಬರು, ಆಗಲೇ ಕೊಡ್ಲಿಪೇಟೆ ದಾಟಿದ್ದಾರೆ, ಕಾರಿನಲ್ಲಿ ಮಕ್ಕಳ ಗಲಾಟೆ.

"ಸಾರ್, ನಿಮ್ಮ ಸೈಟಲ್ಲಿ ದಾರಿ ನೋಡ್ಕೊಂಡು ಬರ್ತಿದ್ದೀವಿ. ಶನಿವಾರಸಂತೆ ಮಾಗರ್ ಅಂತ ಬರೆದಿದ್ದೀರಲ್ಲ. ಶನಿವಾರಸಂತೆ ಬಂತು. ಈ ಮಾಗರ್ ಎಲ್ಲಿ ಬರುತ್ತೆ?"

ಹತ್ತು ಪುಟ ತಿದ್ದಿದ್ದೆ. ಇದ್ದದ್ದು ಹನ್ನೊಂದು.